ಪಾಡ್‌ಕಾಸ್ಟ್ ಬರಹ: ಶ್ರೀರಂಗಪಟ್ಟಣದಿಂದ ಸೇಂಟ್ ಹೆಲೆನಾಗೆ ಹೋಗೋದು ಹೇಗೆ?

(ಈ ವಾರದ ಸಂಚಿಕೆಯ ಬರಹ ರೂಪ. ಓದಲು ಅನುಕೂಲ ಆಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)



ಶುರು ಮಾಡೋಕೆ ಮುಂಚೆ ಒಂದು ಸಣ್ಣ ಕೆಲಸ. ನಿಮ್ಮ ಫೋನಲ್ಲಿ ಮ್ಯಾಪ್ ತೆಗೀರಿ. 'ಸೇಂಟ್ ಹೆಲೆನಾ ದ್ವೀಪ' ಅಂತ ಹುಡುಕಿ. ಒಂದು ಚುಕ್ಕಿ, ಸುತ್ತ ಬರೀ ನೀಲಿ. ಈಗ ಝೂಮ್ ಔಟ್ ಮಾಡಿ. ಇನ್ನೂ ಮಾಡಿ. ಬಲಗಡೆ ಆಫ್ರಿಕಾ, ಎಡಗಡೆ ದಕ್ಷಿಣ ಅಮೆರಿಕ ಕಾಣಿಸೋ ಹೊತ್ತಿಗೆ ಆ ಚುಕ್ಕಿ ಮಾಯ ಆಗಿರುತ್ತೆ.

ಆಫ್ರಿಕಾ ದಡದಿಂದ ಸುಮಾರು 1,900 ಕಿಲೋಮೀಟರ್ ದೂರ, ದಕ್ಷಿಣ ಅಟ್ಲಾಂಟಿಕ್ ಸಾಗರದ ಮಧ್ಯೆ ಇರೋ ದ್ವೀಪ ಇದು. ಸಮುದ್ರದ ತಳದಿಂದ ಮೇಲೆದ್ದ ಜ್ವಾಲಾಮುಖಿಯ ತುದಿ. ಅದು ತಣ್ಣಗಾಗಿ ಸುಮಾರು 70 ಲಕ್ಷ ವರ್ಷ ಆಗಿದೆ, ಭಯ ಬೇಡ. ವಿಸ್ತೀರ್ಣ ಸುಮಾರು 122 ಚದರ ಕಿ.ಮೀ. 2021ರ ಜನಗಣತಿಯಲ್ಲಿ ಸಿಕ್ಕ ಜನ ಸುಮಾರು 4,400. ನಮ್ಮ ಕಡೆ ಒಂದು ಜಾತ್ರೆಗೆ ಇದಕ್ಕಿಂತ ಜಾಸ್ತಿ ಜನ ಸೇರ್ತಾರೆ.

ಪಾಂಡವಪುರದ ಹುಡುಗನಿಗೆ ಇದೆಲ್ಲ ಯಾಕೆ ಅಂತ ಕೇಳಬಹುದು. ಹೇಳ್ತೀನಿ. ನಮ್ಮ ನಾಲ್ಕು ತಾಲ್ಲೂಕುಗಳ ಮಣ್ಣಿಗೂ ಆ ದ್ವೀಪಕ್ಕೂ ಹಳೇ ನಂಟಿದೆ. ಅದಕ್ಕಿಂತ ಹೆಚ್ಚಾಗಿ, ಆ ದ್ವೀಪಕ್ಕೆ ಆಗಿದ್ದೇ ಈಗ ನಮ್ಮ ಮಾವನ ಅಂಗಡಿಗೂ ಆಗ್ತಾ ಇದೆ.

ನಮ್ಮೂರ ಹಳೇ ಹೆಸರು

ನಮ್ಮ ತಾತ ಕೊನೇವರೆಗೂ ಪಾಂಡವಪುರವನ್ನ 'ಫ್ರೆಂಚ್‌ರಾಕ್ಸ್' ಅಂತಲೇ ಕರೀತಿದ್ರು. ಚಿಕ್ಕವನಿದ್ದಾಗ ಅದು ಯಾವುದೋ ಹೋಟೆಲ್ ಹೆಸರು ಅಂದ್ಕೊಂಡಿದ್ದೆ. ಆಮೇಲೆ ಗೊತ್ತಾಯ್ತು, ಹೈದರಾಲಿ ಮತ್ತು ಟಿಪ್ಪು ಸೇನೆಯಲ್ಲಿದ್ದ ಫ್ರೆಂಚ್ ಸೈನಿಕರು ಇಲ್ಲಿನ ಬಂಡೆಗಳ ಹತ್ತಿರ ಬಿಡಾರ ಹೂಡಿದ್ರು, ಅದಕ್ಕೇ ಆ ಹೆಸರು. ಅದಕ್ಕೂ ಹಿಂದೆ ಇದು ಹಿರೋಡೆ. ಶ್ರೀರಂಗಪಟ್ಟಣದ ರಾಜಕೀಯ ಎಷ್ಟು ದೂರದವರೆಗೂ ಕೈ ಚಾಚಿತ್ತು ಅನ್ನೋದಕ್ಕೆ ನಮ್ಮೂರ ಹೆಸರೇ ಸಾಕ್ಷಿ.

1799ರ ಜನವರಿಯಲ್ಲಿ ಈಜಿಪ್ಟಿನ ಕೈರೋದಿಂದ ಒಬ್ಬ ಫ್ರೆಂಚ್ ಸೇನಾಪತಿ ಟಿಪ್ಪು ಸುಲ್ತಾನನಿಗೆ ಕಾಗದ ಬರೀತಾನೆ. ಸಾರಾಂಶ ಇಷ್ಟು: ನಾನು ದೊಡ್ಡ ಸೈನ್ಯದ ಜೊತೆ ಕೆಂಪು ಸಮುದ್ರದ ತನಕ ಬಂದಿದ್ದೀನಿ, ನಿನ್ನನ್ನ ಇಂಗ್ಲಿಷರಿಂದ ಬಿಡಿಸಬೇಕು ಅಂತಿದ್ದೀನಿ, ನಂಬಿಕಸ್ತ ಒಬ್ಬನನ್ನ ಮಾತಿಗೆ ಕಳಿಸು. ಬರೆದವನು ನೆಪೋಲಿಯನ್ ಬೊನಾಪಾರ್ಟೆ. ಕಾಗದ ಶ್ರೀರಂಗಪಟ್ಟಣ ತಲುಪಲೇ ಇಲ್ಲ. ದಾರಿಯಲ್ಲೇ ಬ್ರಿಟಿಷರ ಕೈಗೆ ಸಿಕ್ತು. ಅದೇ ವರ್ಷ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಕೋಟೆಯೊಳಗೇ ಹೋರಾಡ್ತಾ ಸತ್ತ.

ಗೆದ್ದ ಸೈನ್ಯದಲ್ಲಿ ಆರ್ಥರ್ ವೆಲ್ಲೆಸ್ಲಿ ಅನ್ನೋ ಕರ್ನಲ್ ಇದ್ದ. ಏಪ್ರಿಲ್ 5ರ ರಾತ್ರಿ ಕೋಟೆ ಹೊರಗಿನ ಸುಲ್ತಾನ್‌ಪೇಟೆ ತೋಪಿನ ಮೇಲೆ ದಾಳಿ ಮಾಡೋಕೆ ಹೋಗಿ, ಕತ್ತಲಲ್ಲಿ ದಿಕ್ಕು ತಪ್ಪಿ, ಮಂಡಿಗೆ ಏಟು ತಿಂದು ವಾಪಸ್ ಬಂದಿದ್ದವನು ಇವನು. ಮಾರನೇ ದಿನ ಬೆಳಕಲ್ಲಿ ಹೋಗಿ ಆ ತೋಪು ಹಿಡ್ದ. ಕೋಟೆ ಬಿದ್ದ ಮೇಲೆ ಶ್ರೀರಂಗಪಟ್ಟಣದ ಉಸ್ತುವಾರಿ ಇವನಿಗೇ ಸಿಕ್ತು. ನಾವು ಸ್ಕೂಲ್ ಟ್ರಿಪ್‌ನಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ ಗೋಡೆ ಚಿತ್ರ ನೋಡ್ತೀವಲ್ಲ, ಆ ದರಿಯಾ ದೌಲತ್‌ನಲ್ಲೇ ಅವನು ವಾಸ ಇದ್ದ.

ಹಡಗು ಅಲ್ಲೇ ಯಾಕೆ ನಿಲ್ತಿತ್ತು?

1805ರ ಮಾರ್ಚ್‌ನಲ್ಲಿ ವೆಲ್ಲೆಸ್ಲಿ ಮದರಾಸಿನಿಂದ ಹಡಗು ಹತ್ತಿದ. ಇಂಗ್ಲೆಂಡ್ ಮುಟ್ಟಿದ್ದು ಸೆಪ್ಟೆಂಬರ್‌ನಲ್ಲಿ. ಸುಮಾರು ಆರು ತಿಂಗಳ ಪ್ರಯಾಣ. ಮಧ್ಯೆ ನಿಂತು ಸುಧಾರಿಸಿಕೊಂಡ ಜಾಗ ಸೇಂಟ್ ಹೆಲೆನಾ. ಇಂಡಿಯಾದಲ್ಲಿ ಕೆಟ್ಟಿದ್ದ ಆರೋಗ್ಯ ಆ ದ್ವೀಪದ ಹವಾದಲ್ಲಿ ಸುಧಾರಿಸ್ತು ಅಂತ ಗೆಳೆಯನಿಗೆ ಬರೆದ.

ಅಷ್ಟು ದೊಡ್ಡ ಸಾಗರದಲ್ಲಿ ಅಷ್ಟು ಚಿಕ್ಕ ದ್ವೀಪದಲ್ಲೇ ಯಾಕೆ ನಿಲ್ಲಬೇಕು? ಉತ್ತರ ಗಾಳಿಯಲ್ಲಿದೆ. ಆ ಕಾಲದ ಹಡಗಿಗೆ ಎಂಜಿನ್ ಇಲ್ಲ, ಹಾಯಿ ಮಾತ್ರ. ದಕ್ಷಿಣ ಅಟ್ಲಾಂಟಿಕ್‌ನಲ್ಲಿ ವರ್ಷ ಪೂರ್ತಿ ಆಗ್ನೇಯ ದಿಕ್ಕಿಂದ ಗಾಳಿ ಬೀಸುತ್ತೆ. ಆಫ್ರಿಕಾದ ದಕ್ಷಿಣ ತುದಿ ಸುತ್ತಿ ಬಂದ ಹಡಗನ್ನ ಆ ಗಾಳಿ ತಾನಾಗೇ ವಾಯವ್ಯಕ್ಕೆ ತಳ್ಳುತ್ತೆ, ದ್ವೀಪ ಆ ದಾರಿಯಲ್ಲೇ ಸಿಗುತ್ತೆ. ಇಂಗ್ಲೆಂಡಿಂದ ಇಂಡಿಯಾಗೆ ಬರೋ ಹಡಗಿಗೆ ಇದೇ ಗಾಳಿ ಎದುರು. ಅವು ಬ್ರೆಜಿಲ್ ಕಡೆಗೆ ದೊಡ್ಡ ಸುತ್ತು ಹಾಕಿ ಬರ್ತಿದ್ವು. ಅಂದ್ರೆ ಸೇಂಟ್ ಹೆಲೆನಾ ಮುಖ್ಯವಾಗಿ ವಾಪಸ್ ಹೋಗೋರ ನಿಲ್ದಾಣ.

ಈಸ್ಟ್ ಇಂಡಿಯಾ ಕಂಪನಿ 1659ರಲ್ಲೇ ಈ ದ್ವೀಪಕ್ಕೆ ಬಂದು ಕೂತಿತ್ತು. ತಿಂಗಳುಗಟ್ಟಲೆ ಉಪ್ಪು ಮಾಂಸ ತಿಂದು, ವಸಡಲ್ಲಿ ರಕ್ತ ಸೋರ್ತಾ ಬಂದ ನಾವಿಕರಿಗೆ ಇಲ್ಲಿ ಸಿಹಿನೀರು, ಸೊಪ್ಪು, ಹಣ್ಣು ಸಿಗೋದು. ಆ ದುಡಿಮೆಯಲ್ಲಿ ಗುಲಾಮರ ಪಾಲೂ ದೊಡ್ಡದು. ಮಡಗಾಸ್ಕರ್‌ನಿಂದ ಮಾತ್ರ ಅಲ್ಲ, ಇಂಡಿಯಾದಿಂದಲೂ ಗುಲಾಮರನ್ನ ಅಲ್ಲಿಗೆ ಒಯ್ದಿದ್ರು. ಇವತ್ತಿನ ದ್ವೀಪದ ಜನರ ರಕ್ತದಲ್ಲಿ ಯುರೋಪ್, ಆಫ್ರಿಕಾ, ಏಷ್ಯಾ ಮೂರೂ ಇದೆ.

ಒಂದೇ ಜಾಗ, ಇಬ್ಬರು ಅತಿಥಿಗಳು

ಹತ್ತು ವರ್ಷ ಮುಂದೆ ಬನ್ನಿ. 1815ರ ಜೂನ್ 18, ವಾಟರ್ಲೂ ಯುದ್ಧ. ನೆಪೋಲಿಯನ್‌ನನ್ನ ಸೋಲಿಸಿದ ಬ್ರಿಟಿಷ್ ಸೇನೆಯ ದಂಡನಾಯಕ ಅದೇ ವೆಲ್ಲೆಸ್ಲಿ, ಈಗ ಡ್ಯೂಕ್ ಆಫ್ ವೆಲ್ಲಿಂಗ್ಟನ್. ಸೋತವನನ್ನ ತಪ್ಪಿಸಿಕೊಳ್ಳೋಕೆ ಆಗದ ಜಾಗಕ್ಕೆ ಕಳಿಸಬೇಕಿತ್ತು. ಅಕ್ಟೋಬರ್‌ನಲ್ಲಿ ಸೇಂಟ್ ಹೆಲೆನಾಗೆ ತಂದು ಇಳಿಸಿದ್ರು. ಇರಬೇಕಾದ ಲಾಂಗ್‌ವುಡ್ ಮನೆ ಇನ್ನೂ ಸಿದ್ಧ ಇರಲಿಲ್ಲ. ಹಾಗಾಗಿ ಮೊದಲ ಏಳೆಂಟು ವಾರ 'ದ ಬ್ರಯರ್ಸ್' ಅನ್ನೋ ತೋಟದ ಮನೆಯಲ್ಲಿದ್ದ. 1805ರಲ್ಲಿ ವೆಲ್ಲೆಸ್ಲಿ ಉಳ್ಕೊಂಡಿದ್ದೂ ಅದೇ ಬ್ರಯರ್ಸ್‌ನಲ್ಲಿ!

ಪ್ಯಾರಿಸ್‌ನಲ್ಲಿ ನೆಪೋಲಿಯನ್‌ನ ಅರಮನೆಯಲ್ಲಿ ತಂಗಿದ್ದ ವೆಲ್ಲಿಂಗ್ಟನ್, 1816ರಲ್ಲಿ ದ್ವೀಪಕ್ಕೆ ಹೊರಟಿದ್ದ ನೌಕಾಧಿಕಾರಿಗೆ ಕಾಗದ ಬರೆದು ಇದನ್ನೇ ತಮಾಷೆ ಮಾಡಿದ. ಅವನ ಮನೆ ನನಗೆ ಚೆನ್ನಾಗಿ ಹೊಂದಿದೆ, ನನ್ನ ಹಳೇ ಕೋಣೆ ಅವನಿಗೂ ಹಿಡಿಸಿರಬಹುದು ಅನ್ನೋ ಅರ್ಥದಲ್ಲಿ. ಶ್ರೀರಂಗಪಟ್ಟಣಕ್ಕೆ ಸಹಾಯ ಕಳಿಸ್ತೀನಿ ಅಂದವನು 1821ರ ಮೇ 5ರಂದು ಆ ದ್ವೀಪದಲ್ಲೇ ತೀರಿಕೊಂಡ. ಟಿಪ್ಪು ಸತ್ತು ಆಗ 22 ವರ್ಷ, ಒಂದು ದಿನ.

ಸೂಯೆಜ್ ಅನ್ನೋ ಬೈಪಾಸ್

ನಾವು ಈಗ ಸೇಂಟ್ ಹೆಲೆನಾವನ್ನ 'ಜಗತ್ತಿನ ಮೂಲೆ' ಅಂತೀವಿ. ಆದ್ರೆ ಆ ಕಾಲದಲ್ಲಿ ಅದು ಮೂಲೆ ಆಗಿರಲಿಲ್ಲ, ಹೈವೇ ಪಕ್ಕದ ಊರು. 1855ರಲ್ಲಿ ಅಲ್ಲಿಗೆ ಬಂದ ಹಡಗುಗಳು 1,100. ಅಂದ್ರೆ ದಿನಕ್ಕೆ ಮೂರು. 1869ರಲ್ಲಿ ಸೂಯೆಜ್ ಕಾಲುವೆ ತೆರೀತು. ಯುರೋಪಿಂದ ಇಂಡಿಯಾಗೆ ಆಫ್ರಿಕಾ ಸುತ್ತೋ ಅಗತ್ಯವೇ ಹೋಯ್ತು. ಎಂಜಿನ್ ಹಡಗುಗಳಿಗೆ ಗಾಳಿಯ ಹಂಗೂ ಇರಲಿಲ್ಲ. 1889ಕ್ಕೆ ವರ್ಷಕ್ಕೆ 288 ಹಡಗು. ದ್ವೀಪ ಒಂದಿಂಚೂ ಅಲ್ಲಾಡಲಿಲ್ಲ. ದಾರಿ ಬದಲಾಯ್ತು, ಅಷ್ಟೇ.

ಆಮೇಲೆ ಅವರು ಒಂದು ಬೆಳೆ ಹಿಡಿದ್ರು. ನ್ಯೂಜಿಲೆಂಡಿನ ಒಂಥರಾ ನಾರಿನ ಗಿಡ, ಅದರಿಂದ ಹಗ್ಗ, ದಾರ. ದೊಡ್ಡ ಗಿರಾಕಿ ಬ್ರಿಟಿಷ್ ಅಂಚೆ ಇಲಾಖೆ. 1960ರ ದಶಕದಲ್ಲಿ ಇಲಾಖೆ ಸಿಂಥೆಟಿಕ್ ದಾರಕ್ಕೆ ಹೋಯ್ತು, 1966ರಲ್ಲಿ ಗಿರಣಿಗಳು ಬಾಗಿಲು ಹಾಕಿದ್ವು. ಒಂದೇ ದಾರಿ, ಒಂದೇ ಗಿರಾಕಿ ನಂಬಿದ್ರೆ ಏನಾಗುತ್ತೆ ಅನ್ನೋದನ್ನ ಆ ದ್ವೀಪ ಎರಡು ಸಲ ನೋಡಿದೆ. ದುಡಿಯೋ ವಯಸ್ಸಿನವರು ಕೆಲಸ ಹುಡುಕಿಕೊಂಡು ಬ್ರಿಟನ್‌ಗೆ, ಫಾಕ್‌ಲ್ಯಾಂಡ್‌ಗೆ ಹೋಗ್ತಾರೆ. ಊರಲ್ಲಿ ಉಳಿಯೋರಲ್ಲಿ ವಯಸ್ಸಾದವರೇ ಜಾಸ್ತಿ.

ಮಾವನ ಅಂಗಡಿ

ಈಗ ನಮ್ಮೂರಿಗೆ ಬರೋಣ. ನಮ್ಮ ಸೋದರಮಾವ ಕೆ.ಆರ್. ಪೇಟೆ ಕಡೆಯವರು. ಮೈಸೂರು–ಹಾಸನ ರೈಲು ಆ ತಾಲ್ಲೂಕಿನ ಅಕ್ಕಿಹೆಬ್ಬಾಳಲ್ಲಿ ನಿಲ್ಲುತ್ತೆ, ಕೆ.ಆರ್. ಪೇಟೆ ಊರಿಗೆ ಬರಲ್ಲ. "ರೈಲು ಬರೋ ಊರಲ್ಲ ನಮ್ದು, ರೋಡ್ ಇರೋ ಕಡೆ ಹೋಗ್ತೀನಿ" ಅಂತ ಶ್ರೀರಂಗಪಟ್ಟಣದ ಹತ್ತಿರ ಬೆಂಗಳೂರು–ಮೈಸೂರು ಹಳೇ ರಸ್ತೆ ಪಕ್ಕ ಟೀ, ಎಳನೀರು ಅಂಗಡಿ ಇಟ್ರು. ಇಪ್ಪತ್ತು ವರ್ಷ ಚೆನ್ನಾಗೇ ನಡೀತು. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತು. ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲಕ್ಕೂ ಬೈಪಾಸ್.

ಹೋದ ತಿಂಗಳು ಹೋಗಿದ್ದೆ. "ಯಾಪಾರ ಹೆಂಗೈತೆ ಮಾವ?" ಅಂದೆ.

"ಏನ್ ಹೇಳ್ಲಾ ಮಗ. ಕಾರುಗೊಳೆಲ್ಲ ಆ ಕಡೆಯಿಂದ್ಲೇ ಹೊಂಟೋಯ್ತವೆ. ಇಲ್ಲಿಗ್ ಬರೋರು ಊರೋರು, ಇಲ್ಲ ದಾರಿ ತಪ್ಪಿದೋರು."

ನಾನೂ ಬೆಂಗಳೂರಿಂದ ಹೊಸ ರಸ್ತೆಯಲ್ಲೇ ಬಂದಿದ್ದೆ. ಅದನ್ನ ಅವರಿಗೆ ಹೇಳಲಿಲ್ಲ.

ಎಕ್ಸ್‌ಪ್ರೆಸ್‌ವೇ ತಪ್ಪು ಅಂತ ನಾನು ಹೇಳ್ತಿಲ್ಲ. ಆಂಬುಲೆನ್ಸ್‌ಗೆ, ದಿನಾ ಓಡಾಡೋರಿಗೆ ಅದು ಬೇಕು. ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಕ್ರಾಸ್ ನೋಡಿ. ಬೆಂಗಳೂರು–ಮಂಗಳೂರು ಹೆದ್ದಾರಿ ಹಾದುಹೋಗೋದ್ರಿಂದ ಅಲ್ಲಿ ಹೊತ್ತಲ್ಲದ ಹೊತ್ತಲ್ಲೂ ಊಟ ಸಿಗುತ್ತೆ. ರಸ್ತೆ ಒಂದು ಕಡೆ ಕೊಡುತ್ತೆ, ಇನ್ನೊಂದು ಕಡೆ ಕಿತ್ಕೊಳ್ಳುತ್ತೆ. ಕಿತ್ಕೊಂಡ ಕಡೆ ಉಳಿದವರು ಏನು ಮಾಡಬೇಕು ಅನ್ನೋದನ್ನ ರಸ್ತೆ ಹಾಕೋ ಮುಂಚೆ ಯಾರೂ ಕೇಳಲ್ಲ.

ಈಗ ಹೋಗೋದು ಹೇಗೆ?

ಸೇಂಟ್ ಹೆಲೆನಾ ತನ್ನ ಉತ್ತರವನ್ನ ವಿಮಾನದಲ್ಲಿ ಹುಡುಕ್ತು. ಮುಂಚೆ ಕೇಪ್‌ಟೌನ್‌ನಿಂದ 'ಆರ್‌ಎಂಎಸ್ ಸೇಂಟ್ ಹೆಲೆನಾ' ಅನ್ನೋ ಹಡಗಲ್ಲಿ ಐದು ದಿನ ಹೋಗಬೇಕಿತ್ತು. ಬ್ರಿಟನ್ ಸರ್ಕಾರ ಸುಮಾರು 28.5 ಕೋಟಿ ಪೌಂಡ್ ಖರ್ಚು ಮಾಡಿ ಏರ್‌ಪೋರ್ಟ್ ಕಟ್ಟಿಸ್ತು. 2016ರಲ್ಲಿ ತೆರೀಬೇಕಿತ್ತು. ಆದ್ರೆ ರನ್‌ವೇ ಇರೋದು ಸಮುದ್ರದ ಪಕ್ಕದ ಕಡಿದಾದ ಬೆಟ್ಟದ ಮೇಲೆ. ಗಾಳಿ ಬೆಟ್ಟಕ್ಕೆ ಬಡಿದು ಇದ್ದಕ್ಕಿದ್ದ ಹಾಗೆ ದಿಕ್ಕು, ವೇಗ ಬದಲಿಸುತ್ತೆ. ಇಳಿಯೋ ವಿಮಾನಕ್ಕೆ ಇದು ಅಪಾಯ. ಹಾಯಿ ಹಡಗುಗಳನ್ನ ತಂದುಕೊಟ್ಟ ಗಾಳಿಯೇ ವಿಮಾನಗಳನ್ನ ತಡೀತು! ಕೊನೆಗೆ ಸಣ್ಣ ಎಂಬ್ರೇಯರ್ ವಿಮಾನ ಇಟ್ಟು, 2017ರ ಅಕ್ಟೋಬರ್ 14ರಂದು ಮೊದಲ ನಿಗದಿತ ಪ್ರಯಾಣ ಶುರುವಾಯ್ತು. 2018ರ ಫೆಬ್ರವರಿಯಲ್ಲಿ ಹಡಗು ನಿವೃತ್ತಿ ಆಯ್ತು.

ನಮ್ಮ ಕಡೆಯಿಂದ ದಾರಿ ಹೀಗೆ. ಬೆಂಗಳೂರಿಂದ ದುಬೈ ಅಥವಾ ಅಡಿಸ್ ಅಬಾಬಾ ಮೂಲಕ ಜೊಹಾನ್ಸ್‌ಬರ್ಗ್. ಅಲ್ಲಿಂದ ವಾರಕ್ಕೊಂದು ಏರ್‌ಲಿಂಕ್ ವಿಮಾನ. ನಮೀಬಿಯಾದ ವಾಲ್ವಿಸ್ ಬೇನಲ್ಲಿ ಇಂಧನ ತುಂಬಿಸ್ಕೊಂಡು ಹೋಗುತ್ತೆ. ಹೋದ್ರೆ ಒಂದು ವಾರ ಇರಲೇಬೇಕು ಅನ್ನೋ ಲೆಕ್ಕದಲ್ಲಿ ರಜೆ ಹಾಕಿ. ಹವಾ ಕೆಟ್ಟರೆ ವಿಮಾನ ತಡ ಆಗುತ್ತೆ, ಎರಡು ಮೂರು ದಿನ ಹೆಚ್ಚಿಗೆ ಇಟ್ಕೊಳ್ಳಿ. ದಕ್ಷಿಣ ಆಫ್ರಿಕಾದ ವೀಸಾ ಮೊದಲೇ ಮಾಡಿಸಿ. ದ್ವೀಪದ ಪ್ರವೇಶ ನಿಯಮಗಳನ್ನ ಅಲ್ಲಿನ ಸರ್ಕಾರದ ವೆಬ್‌ಸೈಟಲ್ಲೇ ನೋಡಿ. ಮುಖ್ಯವಾದದ್ದು ಇನ್ಶೂರೆನ್ಸ್. ತೀರಾ ಹುಷಾರು ತಪ್ಪಿದ್ರೆ ವಿಮಾನದಲ್ಲಿ ಹೊರಗೆ ಸಾಗಿಸೋ ಖರ್ಚೂ ಅದರಲ್ಲಿ ಸೇರಿರಬೇಕು, ಇದು ಕಡ್ಡಾಯ. ಅಲ್ಲಿ ನಡೆಯೋದು ಸೇಂಟ್ ಹೆಲೆನಾ ಪೌಂಡ್, ಬ್ರಿಟಿಷ್ ಪೌಂಡಿಗೆ ಸಮ.

ನೋಡೋಕೆ ಏನಿದೆ? ರಾಜಧಾನಿ ಜೇಮ್ಸ್‌ಟೌನ್‌ನಲ್ಲಿ 699 ಮೆಟ್ಟಿಲ ಜೇಕಬ್ಸ್ ಲ್ಯಾಡರ್. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವರಿಗೆ ಲೆಕ್ಕ ಕಡಿಮೆ ಅನ್ನಿಸಬಹುದು, ಆದ್ರೆ ಇದು ಏಣಿಯಷ್ಟೇ ಕಡಿದು. ಜೋನಾಥನ್ ಅನ್ನೋ ಆಮೆ, ಹುಟ್ಟಿದ್ದು 1832ರ ಆಸುಪಾಸು ಅಂತ ಅಂದಾಜು. ಬ್ರಯರ್ಸ್ ಮತ್ತು ಲಾಂಗ್‌ವುಡ್, ಎರಡೂ ಈಗ ಫ್ರಾನ್ಸಿನ ಆಸ್ತಿ.

ಇನ್ನೊಂದು ಜಾಗ ಇದೆ, ರೂಪರ್ಟ್ಸ್ ಕಣಿವೆ. 1840ರಿಂದ ಬ್ರಿಟಿಷ್ ನೌಕಾಪಡೆ ಗುಲಾಮರ ಹಡಗುಗಳನ್ನ ಹಿಡಿದು, ಬಿಡಿಸಿದ ಆಫ್ರಿಕನ್ನರನ್ನ ಇಲ್ಲಿಗೆ ತರ್ತಿತ್ತು. ಸಾವಿರಾರು ಜನ ಕಾಯಿಲೆ, ಹಸಿವಿಂದ ಸತ್ತು ಇಲ್ಲೇ ಮಣ್ಣಾದ್ರು. ಏರ್‌ಪೋರ್ಟ್ ರಸ್ತೆಗಾಗಿ ಅಗೆದಾಗ 325 ಜನರ ಅಸ್ಥಿ ಸಿಕ್ತು. ಅವನ್ನ ಮತ್ತೆ ಮಣ್ಣು ಮಾಡಿದ್ದು 2022ರಲ್ಲಿ. ನೆಪೋಲಿಯನ್ ದೇಹವನ್ನ 1840ರಲ್ಲೇ ಪ್ಯಾರಿಸ್‌ಗೆ ಒಯ್ದಾಗಿದೆ. ಆ ಖಾಲಿ ಸಮಾಧಿ ನೋಡೋಕೆ ಹೋಗೋರು ಈ ಕಣಿವೆಗೂ ಹೋಗಿ ಬನ್ನಿ.

ನಾನು ಇನ್ನೂ ಹೋಗಿಲ್ಲ. ದುಡ್ಡು ಕೂಡಿಡ್ತಾ ಇದ್ದೀನಿ. ಮಾವನಿಗೆ ದ್ವೀಪದ ಕಥೆ ಪೂರ್ತಿ ಹೇಳ್ದೆ. ಎಳನೀರು ಕೊಚ್ಚುತ್ತಾ ಕೇಳಿಸ್ಕೊಂಡು ಒಂದೇ ಪ್ರಶ್ನೆ ಕೇಳಿದ್ರು: "ಇಮಾನ ಬಂದ್ಮೇಲೆ ಅವ್ರ ಯಾಪಾರ ಸರಿಹೋಯ್ತೇನ್ಲಾ?" ಅಂದ್ಕೊಂಡಷ್ಟು ಪ್ರವಾಸಿಗರು ಬರ್ತಾ ಇಲ್ಲ ಮಾವ, ಆದ್ರೆ ಬರ್ತಾ ಇದ್ದಾರೆ ಅಂದೆ. "ಹಂಗಾದ್ರೆ ಇನ್ನೊಂದ್ ವರ್ಸ ನೋಡ್ತೀನಿ" ಅಂದ್ರು.

ಮುಂದಿನ ಸಲ ಮೈಸೂರಿಗೆ ಹೋಗುವಾಗ, ಟೈಮ್ ಇದ್ರೆ, ಒಂದು ಸಲ ಹಳೇ ರಸ್ತೆಯಲ್ಲಿ ಹೋಗಿ. ನಿಮ್ಮೂರಿಗೂ ಬೈಪಾಸ್ ಆಗಿದ್ರೆ ಆ ಕಥೆಯನ್ನ ವಾಯ್ಸ್ ನೋಟ್ ಮಾಡಿ ಕಳಿಸಿ. ಮುಂದಿನ ವಾರ ಸಿಗೋಣ, ನಮಸ್ಕಾರ.