ಬಿರುದು ಅಗ್ಗ, ರುಜುವಾತು ದುಬಾರಿ

ನಾನು ಸೇವೆಯಲ್ಲಿದ್ದಾಗ ಕಚೇರಿಯ ವಾಹನ ಚಾಲಕರಾಗಿದ್ದವರ ಮಗಳು ಚಿತ್ರದುರ್ಗ ಜಿಲ್ಲೆಯ ಕಾಲೇಜೊಂದರಲ್ಲಿ ಕಳೆದ ವರ್ಷ ಬಿ.ಕಾಂ. ಮುಗಿಸಿದಳು. ಆ ಮನೆತನದ ಮೊದಲ ಪದವೀಧರೆ ಆಕೆ. ಕೆಲಸ ಅರಸಿ ಬೆಂಗಳೂರಿಗೆ ಬಂದವಳು ಒಂದು ಸಂಜೆ ನಮ್ಮ ಮನೆಗೆ ಬಂದು, ಲಿಂಕ್ಡ್‌ಇನ್‌ನಲ್ಲಿರುವ ತನ್ನ ಪುಟವನ್ನು ತೋರಿಸಿ ಅಭಿಪ್ರಾಯ ಕೇಳಿದಳು. ಫಲಿತಾಂಶವನ್ನೇ ಉಸಿರಾಡುವ ವೃತ್ತಿಪರೆ, ದತ್ತಾಂಶಪ್ರೇಮಿ, ನಾಳಿನ ನಾಯಕಿ ಎಂಬರ್ಥದ ಇಂಗ್ಲಿಷ್ ಬಿರುದುಗಳು ಅಲ್ಲಿ ಸಾಲುಗಟ್ಟಿ ನಿಂತಿದ್ದವು. ‘ಇದೇನಮ್ಮ?’ ಎಂದೆ. ‘ಈಗ ಪ್ರತಿಯೊಬ್ಬರೂ ತಮ್ಮದೇ ಬ್ರ್ಯಾಂಡ್ ಕಟ್ಟಿಕೊಳ್ಳಬೇಕಂತೆ ಸರ್’ ಎಂದಳು.

ಮನುಷ್ಯನೂ ಸಾಬೂನಿನಂತೆ ಬ್ರ್ಯಾಂಡ್ ಆಗಬೇಕೆಂಬ ವಿಚಾರ ಹೊಸದಲ್ಲ. ಅಮೆರಿಕದ ನಿರ್ವಹಣಾ ಲೇಖಕ ಟಾಮ್ ಪೀಟರ್ಸ್ 1997ರಲ್ಲೇ ನಿಯತಕಾಲಿಕವೊಂದರಲ್ಲಿ ಇದನ್ನು ಪ್ರತಿಪಾದಿಸಿದ್ದರು. ಲಿಂಕ್ಡ್‌ಇನ್ ಸಾರ್ವಜನಿಕರಿಗೆ ತೆರೆದುಕೊಂಡದ್ದು 2003ರಲ್ಲಿ. ‘ತುಂಬಿದ ಕೊಡ ತುಳುಕುವುದಿಲ್ಲ’ ಎಂಬ ಮಾತು ಕೇಳಿ ಬೆಳೆದ ನನ್ನ ತಲೆಮಾರಿಗೆ ಇದು ಮುಜುಗರದ ಸಂಗತಿ ಎಂಬುದು ನಿಜ. ಆದರೆ ಕತ್ತಲೆಯ ಮೂಲೆಯಲ್ಲಿಟ್ಟ ಕೊಡ ತುಂಬಿದೆಯೋ ಬರಿದಾಗಿದೆಯೋ ಎಂಬುದನ್ನು ಬಲ್ಲವರಾರು? ನಮ್ಮ ಕಾಲದಲ್ಲಿ ಎಷ್ಟೋ ಬಾಗಿಲುಗಳು ತೆರೆಯುತ್ತಿದ್ದುದು ಪರಿಚಯದಿಂದ, ಶಿಫಾರಸಿನಿಂದ. ಚಾಲಕರ ಮಗಳಿಗೆ ಕಂಪನಿಗಳಲ್ಲಿ ಸೋದರಮಾವಂದಿರಿಲ್ಲ. ಅಂಥವಳಿಗೆ ಅಂತರ್ಜಾಲ ಒಂದು ವಿಳಾಸವನ್ನಾದರೂ ಒದಗಿಸಿದೆ. ಆದುದರಿಂದ ಮೂಗು ಮುರಿಯುವ ಅಧಿಕಾರ ನಮಗಿಲ್ಲ.

ಪ್ರಶ್ನೆ ಇರುವುದು ಆ ವಿಳಾಸದಲ್ಲಿ ಏನನ್ನು ಇಡಬೇಕೆಂಬುದರಲ್ಲಿ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಇಲ್ಲಿ ನೆನಪಾಗುವುದು ಮೈಕೆಲ್ ಸ್ಪೆನ್ಸ್ 1973ರಲ್ಲಿ ಪ್ರಕಟಿಸಿದ ಪ್ರಬಂಧ. ಈ ಬಗೆಯ ಸಂಶೋಧನೆಗಾಗಿ 2001ರಲ್ಲಿ ಅವರು ಜಾರ್ಜ್ ಅಕರ್ಲಾಫ್ ಮತ್ತು ಜೋಸೆಫ್ ಸ್ಟಿಗ್ಲಿಟ್ಸ್ ಅವರೊಂದಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಕೆಲಸ ಕೊಡುವವನಿಗೆ ಅಭ್ಯರ್ಥಿಯ ಸಾಮರ್ಥ್ಯ ನೇರವಾಗಿ ಕಾಣುವುದಿಲ್ಲ. ಆತ ಸಂಕೇತಗಳನ್ನು ನೆಚ್ಚಬೇಕಾಗುತ್ತದೆ. ಸಮರ್ಥನಿಗೆ ಸುಲಭವೂ ಅಸಮರ್ಥನಿಗೆ ದುಬಾರಿಯೂ ಆದ ಸಂಕೇತ ಮಾತ್ರ ಇಬ್ಬರನ್ನೂ ಬೇರ್ಪಡಿಸಬಲ್ಲದು. ಎಲ್ಲರಿಗೂ ಅಗ್ಗವಾಗಿ ಸಿಗುವ ಸಂಕೇತ ಏನನ್ನೂ ಹೇಳುವುದಿಲ್ಲ. ಇದು ಅವರ ವಾದದ ತಿರುಳು.

ಈ ಅಳತೆಗೋಲಿನಲ್ಲಿ ‘ನಾಳಿನ ನಾಯಕಿ’ ಎಂಬ ಬಿರುದಿನ ಬೆಲೆ ಸೊನ್ನೆ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲಂತೂ ನಯವಾದ ಇಂಗ್ಲಿಷಿನ ಪುಟವೊಂದನ್ನು ಯಾರು ಬೇಕಾದರೂ ನಿಮಿಷದಲ್ಲಿ ಸಿದ್ಧಪಡಿಸಬಹುದು. ಇದರಿಂದ ಹೆಚ್ಚು ನಷ್ಟವಾಗುವುದು ಯಾರಿಗೆಂಬುದನ್ನು ಗಮನಿಸಬೇಕು. ಪುಟಗಳೆಲ್ಲ ಒಂದೇ ಬಗೆಯಾಗಿ ಕಂಡಾಗ ಕೆಲಸ ಕೊಡುವವನು ಹಳೆಯ ಸಂಕೇತಗಳಿಗೇ ಮರಳುತ್ತಾನೆ: ಕಾಲೇಜಿನ ಹೆಸರು, ಉಚ್ಚಾರಣೆ, ಪರಿಚಿತರ ಒಂದು ಮಾತು. ಪ್ರತಿಷ್ಠಿತ ಕಾಲೇಜಿನ ಹುಡುಗನಿಗೆ ಇವು ಆಸರೆಯಾಗಿ ಇದ್ದೇ ಇವೆ. ಚಾಲಕರ ಮಗಳಿಗೆ ಇರುವುದು ಆ ಪುಟ ಒಂದೇ. ಅದನ್ನೂ ಬಿರುದುಗಳಿಂದ ತುಂಬಿಬಿಟ್ಟರೆ ಅವಳು ತನ್ನ ಏಕೈಕ ಅವಕಾಶವನ್ನು ಕೈಯಾರೆ ಕಳೆದುಕೊಂಡಂತೆ.

ಆಕೆಯ ಪುಟದ ಕೊನೆಯಲ್ಲಿ, ಒಂದೇ ಸಾಲಿನಲ್ಲಿ, ಅಂತಿಮ ವರ್ಷದ ಯೋಜನಾ ವರದಿಯ ಪ್ರಸ್ತಾಪವಿತ್ತು. ವಿಚಾರಿಸಿದೆ. ಚಳ್ಳಕೆರೆ ಸೀಮೆಯ ಈರುಳ್ಳಿ ಬೆಳೆಗಾರರ ಮನೆಗಳಿಗೆ ಹನ್ನೊಂದು ವಾರ ಅಲೆದು, ಬೆಂಗಳೂರಿಗೆ ಸರಕು ಕಳುಹಿಸಿದಾಗ ಅವರಿಗೆ ಬಂದ ಲೆಕ್ಕದ ಚೀಟಿಗಳನ್ನು ಕಲೆಹಾಕಿದ್ದಳು. ಲಾರಿ ಬಾಡಿಗೆ, ಹಮಾಲಿ, ಖಾಲಿ ಚೀಲದ ಬೆಲೆ ಕಳೆದು ಕೈಗೆ ದಕ್ಕಿದ್ದೆಷ್ಟು ಎಂಬುದನ್ನು ಕೋಷ್ಟಕವಾಗಿಸಿದ್ದಳು. ಈ ಶ್ರಮವನ್ನು ಯಾವ ಯಂತ್ರವೂ ಆಕೆಯ ಪರವಾಗಿ ಮಾಡಿರಲಿಲ್ಲ. ಸ್ಪೆನ್ಸ್ ಹೇಳಿದ ದುಬಾರಿ ಸಂಕೇತ ಇದಲ್ಲದೆ ಮತ್ತೇನು?

‘ಬಿರುದುಗಳನ್ನು ತೆಗೆದುಹಾಕಿ ಇದನ್ನು ಮೇಲಿಡು’ ಎಂದೆ. ಮಾಹಿತಿ ಸಂಗ್ರಹಿಸಿದ ಬಗೆಯನ್ನು, ಮಳೆಯಿಂದಾಗಿ ಹೋಗಲಾಗದ ಎರಡು ವಾರಗಳ ಕೊರತೆಯನ್ನು ಬರೆಯಲು ಹೇಳಿದೆ. ರೈತರ ಹೆಸರುಗಳನ್ನು ಕೈಬಿಡಲು ತಿಳಿಸಿದೆ. ನಮ್ಮ ಕೀರ್ತಿಗಾಗಿ ಅನ್ಯರ ಖಾಸಗಿ ಲೆಕ್ಕವನ್ನು ಬೀದಿಗೆ ತರಲಾಗದು. ಮೂಲ ಪ್ರತಿಯನ್ನು ತನ್ನ ಬಳಿಯೂ ಇಟ್ಟುಕೊಳ್ಳುವಂತೆ ಎಚ್ಚರಿಸಿದೆ. ಲಕ್ಷಾಂತರ ಭಾರತೀಯರು ನೆಚ್ಚಿದ್ದ ಆರ್ಕುಟ್ 2014ರಲ್ಲಿ ಬಾಗಿಲು ಮುಚ್ಚಿತು. ಜಾಲತಾಣದ ಪುಟವೆಂದರೆ ಬಾಡಿಗೆ ಮನೆ. ಸುಣ್ಣ ಬಳಿಯುವುದು ನಾವಾದರೂ ಬೀಗದ ಕೈ ಮತ್ತೊಬ್ಬರದು.

ಇದು ಒಬ್ಬ ಹುಡುಗಿಯ ಜಾಣ್ಮೆಗೆ ಬಿಟ್ಟ ವಿಷಯವಾಗಬಾರದು. ಪಿಎಚ್.ಡಿ. ಮಹಾಪ್ರಬಂಧಗಳಿಗೆ ‘ಶೋಧಗಂಗಾ’ ಎಂಬ ಸಾರ್ವಜನಿಕ ಭಂಡಾರವಿದೆ. ಪದವಿ ವಿದ್ಯಾರ್ಥಿಗಳ ವರದಿಗಳಲ್ಲಿ ಬಹುಪಾಲು ಅಂಕ ಬಿದ್ದ ಮರುದಿನವೇ ಕಪಾಟಿನ ಧೂಳು ಸೇರುತ್ತವೆ. ಅವುಗಳಲ್ಲಿ ನಕಲು ಬಹಳ ಇರಬಹುದು. ಆದರೆ ನಾಲ್ಕು ಜನ ಓದುತ್ತಾರೆಂಬ ಅರಿವೇ ನಕಲಿಗೆ ಮೊದಲ ಮದ್ದು. ಉತ್ತಮ ವರದಿಗಳನ್ನು ಪ್ರತಿ ಕಾಲೇಜೂ ತನ್ನ ಜಾಲತಾಣದಲ್ಲಿ ಪ್ರಕಟಿಸಲು ದೊಡ್ಡ ಅನುದಾನವೇನೂ ಬೇಕಿಲ್ಲ.

ಆಕೆಗೆ ಇನ್ನೂ ನೌಕರಿ ಸಿಕ್ಕಿಲ್ಲ. ಆದರೆ ತಿಂಗಳೊಳಗೆ ಅಪರಿಚಿತ ವರ್ತಕರೊಬ್ಬರು ಕೋಷ್ಟಕವನ್ನು ಓದಿ, ತೂಕದಲ್ಲಿ ಚೀಲದ ಭಾರ ಕಳೆಯಲು ಮರೆತಿರುವುದನ್ನು ತೋರಿಸಿಕೊಟ್ಟರು. ಗಾಬರಿಯಿಂದ ಫೋನ್ ಮಾಡಿದಳು: ‘ಯಾರಿಗೂ ತಿಳಿಯದಂತೆ ಅಂಕಿ ಬದಲಿಸಿಬಿಡಲೇ ಸರ್?’

ಸರ್ಕಾರಿ ಕಡತದಲ್ಲಿ ತಪ್ಪನ್ನು ಅಳಿಸುವ ಪದ್ಧತಿಯಿಲ್ಲ. ಹಳೆಯದು ಓದಲು ಸಿಗುವಂತೆ ಗೆರೆ ಎಳೆದು, ಸರಿಯಾದುದನ್ನು ಪಕ್ಕದಲ್ಲಿ ಬರೆದು, ಕಿರುಸಹಿ ಹಾಕಬೇಕು. ಹಾಗೆಯೇ ಮಾಡಲು ಹೇಳಿದೆ. ಈಗ ಆ ಪುಟದಲ್ಲಿ ತಪ್ಪು ಅಂಕಿಯೂ ಇದೆ, ತಿದ್ದಿದ ಅಂಕಿಯೂ ಇದೆ, ದಿನಾಂಕವೂ ಇದೆ. ನಾನು ಕೆಲಸ ಕೊಡುವ ಸ್ಥಾನದಲ್ಲಿದ್ದಿದ್ದರೆ ಮೊದಲು ಓದುತ್ತಿದ್ದುದು ಆ ಸಾಲನ್ನೇ.