ಅಂಟಿನ ಬಲ

ಆಸ್ಟ್ರೇಲಿಯದ ಕೆಂಪು ಕಾಂಗರೂವಿನ ಮರಿ ಗರ್ಭದಲ್ಲಿರುವುದು ಸುಮಾರು 33 ದಿನಗಳು ಮಾತ್ರ. ಹುಟ್ಟಿದಾಗ ಅದರ ತೂಕ ಒಂದು ಗ್ರಾಂ ಸಹ ಇರುವುದಿಲ್ಲ. ಕಣ್ಣು ತೆರೆಯದ, ಹಿಂಗಾಲು ಬೆಳೆಯದ ಆ ಜೀವ ತಾಯಿಯ ರೋಮಗಳನ್ನು ಮುಂಗಾಲುಗಳಿಂದ ಹಿಡಿಹಿಡಿದು ಮೇಲೇರಿ ಚೀಲವನ್ನು ಸೇರುತ್ತದೆ. ಮೊಲೆತೊಟ್ಟನ್ನು ಕಚ್ಚಿತೆಂದರೆ ತೊಟ್ಟಿನ ತುದಿ ಬಾಯೊಳಗೆ ಉಬ್ಬಿ, ಮರಿ ಕಳಚಿ ಬೀಳದಂತೆ ಭದ್ರಪಡಿಸುತ್ತದೆ. ಎರಡು ತಿಂಗಳಿಗೂ ಮಿಕ್ಕಿ ಅದು ಆ ತೊಟ್ಟನ್ನು ಬಿಡುವುದೇ ಇಲ್ಲ. ಚೀಲವನ್ನು ಶಾಶ್ವತವಾಗಿ ತೊರೆಯುವುದು ಸುಮಾರು ಎಂಟು ತಿಂಗಳಿಗೆ. ಆಗ ಹೊಸ ಮರಿ ಬಂದರೆ ತಾಯಿ ಒಂದು ತೊಟ್ಟಿನಿಂದ ಚಿಕ್ಕದಕ್ಕೆ ತೆಳುಹಾಲನ್ನೂ, ಇನ್ನೊಂದರಿಂದ ದೊಡ್ಡದಕ್ಕೆ ಕೊಬ್ಬಿನ ಹಾಲನ್ನೂ ಏಕಕಾಲಕ್ಕೆ ಒದಗಿಸುತ್ತದೆ. ಎರಡು ಖಾತೆಗಳ ಲೆಕ್ಕ ಎಂದೂ ಬೆರಕೆಯಾಗದು!

ಕೆರೆ ಹೊಳೆಗಳ ಸಿಹಿನೀರಿನಲ್ಲಿ ವಾಸಿಸುವ ಕಾಲೊಬ್ಯಾಕ್ಟರ್ ಕ್ರೆಸೆಂಟಸ್ ಎಂಬ ಬ್ಯಾಕ್ಟೀರಿಯದ ಸಂಸಾರ ಇದಕ್ಕೆ ವಿಪರೀತ. ಇಲ್ಲಿ ಅಂಟಿಕೊಂಡಿರುವುದು ತಾಯಿ. ಈಜಿ ದೂರ ಹೋಗುವುದು ಮಗಳು. ತಾಯಿಕೋಶವು ತನ್ನ ತೊಟ್ಟಿನ ತುದಿಯ ಅಂಟಿನಿಂದ ಕಲ್ಲನ್ನೋ ಎಲೆಯನ್ನೋ ಹಿಡಿದು ನಿಂತು ಇಬ್ಭಾಗವಾಗುತ್ತದೆ. ಬೇರ್ಪಟ್ಟ ಮಗಳಿಗೆ ಈಜಲು ಒಂದು ಚಾವಟಿಬಾಲ ಉಂಟು. ಆದರೆ ಅಲೆಯುವವರೆಗೆ ಅದಕ್ಕೆ ಸಂತಾನವಿಲ್ಲ. ಬಾಲವನ್ನು ಕಳಚಿ, ಅದೇ ಜಾಗದಲ್ಲಿ ತೊಟ್ಟು ಬೆಳೆಸಿಕೊಂಡ ಮೇಲೆಯೇ ಅದು ತಾಯಿಯಾಗಬಲ್ಲದು. ಈ ಅಂಟಿನ ಬಲವನ್ನು ಅಮೆರಿಕದ ವಿಜ್ಞಾನಿಗಳು ಅಳೆದು 2006ರಲ್ಲಿ ಪ್ರಕಟಿಸಿದರು: ಒಂದು ಚದರ ಮಿಲಿಮೀಟರಿಗೆ ಸುಮಾರು 7 ಕಿಲೋಗ್ರಾಂ ಭಾರವನ್ನು ತಡೆಯುವಷ್ಟು!

ಕಾಂಗರೂವಿನ ರೀತಿಯನ್ನು ವೈದ್ಯರು ಅನುಸರಿಸಿದ್ದುಂಟು. 1978ರಲ್ಲಿ ಕೊಲಂಬಿಯದ ಬೊಗೊಟಾ ನಗರದಲ್ಲಿ, ಇನ್‌ಕ್ಯುಬೇಟರುಗಳ ಕೊರತೆಯಿದ್ದಾಗ, ಡಾ. ಎಡ್ಗರ್ ರೇ ಅವರು ದಿನ ತುಂಬದೆ ಹುಟ್ಟಿದ ಶಿಶುಗಳನ್ನು ತಾಯಿಯ ಬರಿಯ ಎದೆಗೆ ಕಟ್ಟಿ ಮಲಗಿಸುವ ಪದ್ಧತಿಯನ್ನು ಆರಂಭಿಸಿದರು. ಮೈಬಿಸಿಯೂ ಮೊಲೆಹಾಲೂ ಒಟ್ಟಿಗೆ ದೊರೆಯುವ ಈ ಉಪಚಾರದಿಂದ ಎಷ್ಟೋ ಕಂದಮ್ಮಗಳು ಬದುಕುಳಿದಿವೆ. ಅವಧಿಗೆ ಮುನ್ನ ಹುಟ್ಟಿದ ಅಥವಾ ತೂಕ ಕಡಿಮೆಯಿರುವ ಶಿಶುಗಳಿಗೆ ಜನನಾನಂತರ ಸಾಧ್ಯವಾದಷ್ಟು ಬೇಗ ಇದನ್ನು ಆರಂಭಿಸಿ, ದಿನಕ್ಕೆ 8ರಿಂದ 24 ಗಂಟೆಗಳ ಕಾಲ ನಡೆಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಲಹೆಯಿತ್ತಿತು. ದುಬಾರಿ ಯಂತ್ರ ಬೇಡದ ಈ ಚಿಕಿತ್ಸೆ ಇನ್ನೂ ಅನೇಕ ಬಾಣಂತಿಯರ ಕಿವಿಗೆ ಬಿದ್ದಿಲ್ಲದಿರುವುದು ಖೇದಕರ. ಹೆರಿಗೆಗೆ ಮುನ್ನವೇ ವೈದ್ಯರಲ್ಲಿ ವಿಚಾರಿಸಿಟ್ಟುಕೊಳ್ಳುವುದು ಲೇಸು.

ಕಾಲೊಬ್ಯಾಕ್ಟರ್ ಸಾಮಾನ್ಯವಾಗಿ ಮನುಷ್ಯನಿಗೆ ಕೇಡು ಮಾಡುವುದಿಲ್ಲ. ಆದರೆ ಅಂಟಿಕೊಳ್ಳುವ ವಿದ್ಯೆ ರೋಗಾಣುಗಳಿಗೂ ಬಲ್ಲದ್ದು. ಮಹಾನಗರದ ಮಹಡಿ ಮನೆಗಳ ನೀರಿನ ಟ್ಯಾಂಕುಗಳ ಒಳಮೈಯಲ್ಲಿ ಕೈಗೆ ಜಾರುವ ಲೋಳೆ ಅಂಥ ಸೂಕ್ಷ್ಮಜೀವಿಗಳ ನೆಲೆ. ಕ್ಲೋರಿನ್ ಅದರ ಆಳಕ್ಕೆ ಸರಿಯಾಗಿ ಇಳಿಯದು. ಹಳೆಯ ನೀರನ್ನು ಚೆಲ್ಲಿ ಹೊಸದನ್ನು ತುಂಬಿದರೆ ಸಾಲದು. ಬ್ರಷ್ ಹಿಡಿದು ಗೋಡೆ, ತಳ, ಮೂಲೆಗಳನ್ನು ಉಜ್ಜಿ, ಆ ತೊಳೆದ ನೀರನ್ನು ಪೂರ್ತಿ ಹೊರಗೆ ಹಾಕಿದ ಮೇಲೆಯೇ ಕ್ಲೋರಿನ್ ಬಳಸಬೇಕು.