ಓದುತ್ತಾಳೆ, ಅರ್ಥ ಮಾತ್ರ ಆಗಿಲ್ಲ

ಕಡೂರು, ತರೀಕೆರೆ, ಅಜ್ಜಂಪುರ ಕಡೆಯ ಲಂಬಾಣಿ ತಾಂಡಾದ ಹುಡುಗಿ ಪಾಠವನ್ನು ಗಡಗಡ ಓದಿಬಿಡುತ್ತಾಳೆ. ಒತ್ತಕ್ಷರವೂ ತಪ್ಪಲ್ಲ. ‘ಕತೆಯಲ್ಲಿ ಏನಾಯ್ತು ಪುಟ್ಟಿ?’ ಅಂದರೆ ಮಾತಿಲ್ಲ.

ದಡ್ಡಿಯಲ್ಲ ಅವಳು! ಮನೆಯಲ್ಲಿ ಅಮ್ಮ ‘ಯಾಡಿ’, ನೀರು ‘ಪಾಣಿ’. ಅವಳ ಮನೆಮಾತು ಲಂಬಾಣಿ, ರಾಜಸ್ಥಾನಿಯ ನಂಟಿನ ಭಾಷೆ. ಕನ್ನಡದ್ದು ದ್ರಾವಿಡ ಬಳಗ. ಅಕ್ಷರ ಕಣ್ಣಿಗೆ ಹತ್ತಿತು, ಪದ ಕಿವಿಗೆ ಬಿದ್ದೇ ಇರಲಿಲ್ಲ.

1986ರಲ್ಲಿ ಓದಿನ ಸಂಶೋಧಕರಾದ ಗಫ್ ಮತ್ತು ಟನ್ಮರ್ ಹೇಳಿದ್ದು ಇದನ್ನೇ: ಅಕ್ಷರ ಬಿಡಿಸುವುದನ್ನೂ ಮಾತು ಅರ್ಥವಾಗುವುದನ್ನೂ ಗುಣಿಸಿದರೆ ಓದು. ಒಂದು ಸೊನ್ನೆಯಾದರೆ ಎಲ್ಲ ಸೊನ್ನೆ. ಅಮೆರಿಕದಲ್ಲಿ ಸ್ಪ್ಯಾನಿಷ್ ಮನೆಮಾತಿನ ಎಷ್ಟೋ ಮಕ್ಕಳು ಇಂಗ್ಲಿಷ್ ಪಾಠದೆದುರು ತಡವರಿಸುವುದೂ ಹೀಗೇ.

ಮೇಷ್ಟ್ರೇ, ಮೊದಲು ಕತೆ ಹೇಳಿ. ಅವಳ ಮಾತಲ್ಲೇ ಅದನ್ನು ಹೇಳಿಸಿ. ಅವಳ ಪದಗಳನ್ನು ಕನ್ನಡ ಲಿಪಿಯಲ್ಲಿ ಬೋರ್ಡಿನ ಮೇಲೆ ಬರೆಯಿರಿ. ಪುಸ್ತಕ ಆಮೇಲೆ ತೆರೆಯಲಿ.